ಬ್ಯಾಟರಿ ಕೇಬಲ್: ದಪ್ಪದ್ದು ಕೊಳ್ಳುವ ಮುಂಚೆ ಮೀಟರ್ ಹಿಡಿಯಿರಿ

ಓದುಗರ ಪ್ರಶ್ನೆ, ನಮ್ಮ ಉತ್ತರ

ಚಳಿ ಶುರುವಾದ ಮೇಲೆ ಬಂದ ಪತ್ರಗಳಲ್ಲಿ ಹೆಚ್ಚಿನವು ಲಾರಿ, ಪಿಕಪ್‌ಗಳ ಸೆಲ್ಫ್ (ಎಂಜಿನ್ ತಿರುಗಿಸಿ ಸ್ಟಾರ್ಟ್ ಮಾಡುವ ಮೋಟಾರ್) ಮತ್ತು ಬ್ಯಾಟರಿ ಕೇಬಲ್ ಕುರಿತವು. ಹಾಗಾಗಿ ಈ ಸಲದ ಪುಟವನ್ನು ಪೂರ್ತಿ ಅದಕ್ಕೇ ಬಿಟ್ಟಿದ್ದೇವೆ.

ಪ್ರಶ್ನೆ: ನಮ್ಮದು ಹತ್ತು ಚಕ್ರದ ಲಾರಿ, 24 ವೋಲ್ಟ್. ಎರಡೂ ಬ್ಯಾಟರಿ ಬದಲಿಸಿ ನಾಲ್ಕು ತಿಂಗಳಾಯಿತು. ಸೆಲ್ಫ್ ಮೋಟಾರಿಗೆ ಹೊಸ ಕಾರ್ಬನ್, ಬುಶ್ ಹಾಕಿಸಿದ್ದೇವೆ. ಆದರೂ ಬೆಳಿಗ್ಗೆ ಎಂಜಿನ್ ಎಳೆದೆಳೆದು ತಿರುಗುತ್ತದೆ. ಕೇಬಲ್ ದಪ್ಪ ಮಾಡಿಸಿ ಅಂತಾರೆ ಮೆಕ್ಯಾನಿಕ್. ಮಾಡಿಸಬೇಕೆ?
ಲಾರಿ ಮಾಲೀಕರು, ಚಳ್ಳಕೆರೆ

ಉತ್ತರ: ಮಾಡಿಸಬೇಕಾಗಬಹುದು, ಆದರೆ ಇವತ್ತೇ ಬೇಡ. ಮೊದಲು ವೋಲ್ಟೇಜ್ ಎಲ್ಲಿ ಕಳೆದುಹೋಗುತ್ತಿದೆ ಅಂತ ನೋಡಿ. ಒಂದು ಸಾಧಾರಣ ಡಿಜಿಟಲ್ ಮಲ್ಟಿಮೀಟರ್, ಸೆಲ್ಫ್ ಹೊಡೆಯಲು ಜೊತೆಗೊಬ್ಬರು, ಹದಿನೈದು ನಿಮಿಷ, ಇಷ್ಟು ಸಾಕು.

ಮೀಟರನ್ನು 20 ವೋಲ್ಟ್ ಡಿಸಿಗೆ ಇಡಿ. ಗೇರ್ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್ ಬ್ರೇಕ್ ಹಾಕಿರಲಿ. ಹಳೆಯ ಪಂಪ್ ಎಂಜಿನ್ ಆದರೆ ಸ್ಟಾಪ್ ಕೇಬಲ್ ಎಳೆದು ಹಿಡಿದರೆ ಸ್ಟಾರ್ಟ್ ಆಗದೆ ತಿರುಗುತ್ತದೆ. ಎಲೆಕ್ಟ್ರಾನಿಕ್ ಎಂಜಿನ್ ಆದರೆ ಸ್ಟಾರ್ಟ್ ಆಗುವ ಮುಂಚಿನ ಎರಡು ಮೂರು ಸೆಕೆಂಡಿನಲ್ಲೇ ಅಂಕಿ ಓದಿಕೊಳ್ಳಬೇಕು. ಮೀಟರಿನಲ್ಲಿ ಮ್ಯಾಕ್ಸ್ ಹಿಡಿಯುವ ಗುಂಡಿ ಇದ್ದರೆ ಸಲೀಸು. ಒಂದು ಸಲಕ್ಕೆ ಹತ್ತು ಸೆಕೆಂಡಿಗಿಂತ ಜಾಸ್ತಿ ಸೆಲ್ಫ್ ಹೊಡೆಯಬೇಡಿ, ನಡುವೆ ಎರಡು ನಿಮಿಷ ಬಿಡಿ.

ಮೊದಲ ಅಳತೆ: ಕೆಂಪು ಕಡ್ಡಿ ಸೆಲ್ಫಿಗೆ ಕೇಬಲ್ ಹೋಗುವ ಬ್ಯಾಟರಿಯ ಪ್ಲಸ್ ಪೋಸ್ಟಿನ (ಸೀಸದ ಗೂಟದ) ನೆತ್ತಿಯ ಮೇಲೆ, ಕಪ್ಪು ಕಡ್ಡಿ ಸೆಲ್ಫ್ ಮೇಲೆ ಕೇಬಲ್ ಕೂತಿರುವ ದಪ್ಪ ಬೋಲ್ಟಿನ ತುದಿಗೆ. ಕಡ್ಡಿ ಇಡಬೇಕಾದ್ದು ಪೋಸ್ಟಿನ ಮೇಲೆ, ಅದನ್ನು ಸುತ್ತ ಹಿಡಿದಿರುವ ಕ್ಲಾಂಪಿನ ಮೇಲಲ್ಲ. ಕ್ಲಾಂಪಿನ ಮೇಲಿಟ್ಟರೆ ಪೋಸ್ಟಿಗೂ ಕ್ಲಾಂಪಿಗೂ ನಡುವಿನ ತೊಂದರೆ ಲೆಕ್ಕಕ್ಕೇ ಸಿಗುವುದಿಲ್ಲ. ಸೆಲ್ಫ್ ಹೊಡೆಯದೆ ಇದ್ದಾಗ ಇಲ್ಲಿ ಸೊನ್ನೆ ತೋರಿಸುತ್ತದೆ. ಹೊಡೆದಾಗ ಬರುವ ಅಂಕಿಯೇ ಆ ದಾರಿಯಲ್ಲಿ ಕಳೆದುಹೋಗುತ್ತಿರುವ ವೋಲ್ಟೇಜ್. 24 ವೋಲ್ಟ್ ಗಾಡಿಯಲ್ಲಿ ಇದು 0.5ರ ಒಳಗಿರಬೇಕು.

ಎರಡನೆಯದು, ಎರಡು ಬ್ಯಾಟರಿಗಳನ್ನು ಸೇರಿಸುವ ಚಿಕ್ಕ ಕೇಬಲ್. ಒಂದರ ಪ್ಲಸ್ ಪೋಸ್ಟಿನಿಂದ ಇನ್ನೊಂದರ ಮೈನಸ್ ಪೋಸ್ಟಿಗೆ ಅಳೆಯಿರಿ. 0.1 ವೋಲ್ಟ್ ದಾಟಬಾರದು. ಒಂದಡಿ ಉದ್ದದ ಕೇಬಲ್ ತಾನೇ ಅಂತ ಎಲ್ಲರೂ ಬಿಟ್ಟುಬಿಡುತ್ತಾರೆ. ಆದರೆ ಸೆಲ್ಫಿಗೆ ಹೋಗುವ ಪೂರ್ತಿ ಕರೆಂಟ್ ಅದರ ಮೂಲಕವೇ ಹಾಯಬೇಕು.

ಮೂರನೆಯದೇ ಮುಖ್ಯ. ಕೆಂಪು ಕಡ್ಡಿ ಸೆಲ್ಫ್ ಮೋಟಾರಿನ ಮೈಗೆ, ಬಣ್ಣ ಇಲ್ಲದ ಜಾಗಕ್ಕೆ. ಕಪ್ಪು ಕಡ್ಡಿ ಚಾಸಿಗೆ ಕೇಬಲ್ ಹೋಗುವ ಬ್ಯಾಟರಿಯ ಮೈನಸ್ ಪೋಸ್ಟಿಗೆ. ಇಲ್ಲೂ 0.5ರ ಒಳಗೆ ಬರಬೇಕು. ದೂರು ಬಂದ ಗಾಡಿಗಳಲ್ಲಿ ಸಾಮಾನ್ಯವಾಗಿ ಕೈಕೊಟ್ಟಿರುವುದು ಈ ಅರ್ಥ್ ಕಡೆಯೇ, ಅಂದರೆ ಕರೆಂಟ್ ಚಾಸಿಯ ಮೂಲಕ ಬ್ಯಾಟರಿಯ ಮೈನಸ್ಸಿಗೆ ವಾಪಸ್ ಬರುವ ದಾರಿ. ಪ್ಲಸ್ ಕೇಬಲ್ ಕಣ್ಣಿಗೆ ಬೀಳುತ್ತದೆ, ಬದಲಾಗುತ್ತದೆ. ಅರ್ಥ್ ಕೇಬಲ್ ಚಾಸಿಗೆ ಕೂತ ಬೋಲ್ಟನ್ನು ಗಾಡಿ ಬಂದ ದಿನದಿಂದ ಯಾರೂ ಬಿಚ್ಚಿರುವುದಿಲ್ಲ.

ಅಂಕಿ ಜಾಸ್ತಿ ಬಂದ ಕಡೆ ತುಂಡು ತುಂಡಾಗಿ ಅಳೆಯುತ್ತ ಹೋಗಿ. ಪೋಸ್ಟಿನಿಂದ ಕ್ಲಾಂಪಿಗೆ, ಕ್ಲಾಂಪಿನಿಂದ ಥಿಂಬಲ್‌ಗೆ (ಕೇಬಲ್ಲಿನ ತುದಿಗೆ ಒತ್ತಿರುವ, ಬೋಲ್ಟಿಗೆ ತೂತಿರುವ ಲೋಹದ ತುಂಡು), ಥಿಂಬಲ್‌ನಿಂದ ಚಾಸಿಗೆ, ಚಾಸಿಯಿಂದ ಎಂಜಿನ್ ಬ್ಲಾಕಿಗೆ. ದಾರಿಯಲ್ಲಿ ಬ್ಯಾಟರಿಯ ಕರೆಂಟನ್ನೇ ಕಡಿಯುವ ಕಟಾಫ್ ಸ್ವಿಚ್ ಇದ್ದರೆ ಅದರ ಎರಡೂ ಬೋಲ್ಟ್‌ಗಳ ನಡುವೆಯೂ ನೋಡಿ. ಒಂದು ಜಾಯಿಂಟಿನಲ್ಲಿ 0.1ಕ್ಕಿಂತ ಹೆಚ್ಚು ಬಂದರೆ ಅದನ್ನು ಬಿಚ್ಚಿ ಹೊಳಪು ಬರುವಂತೆ ಉಜ್ಜಿ ಕೂರಿಸಿ, ಮತ್ತೆ ಅಳೆಯಿರಿ. ಎಲ್ಲ ಜಾಯಿಂಟೂ ಚೊಕ್ಕವಾಗಿದ್ದು ಕೇಬಲ್ಲಿನ ಉದ್ದಕ್ಕೇ ವೋಲ್ಟೇಜ್ ಬೀಳುತ್ತಿದ್ದರೆ ಆಗ ಮೆಕ್ಯಾನಿಕ್ ಹೇಳಿದ್ದು ಸರಿ, ದಪ್ಪ ಮಾಡಿಸಿ.

ಇನ್ನೆರಡು ಅಳತೆ ಬಾಕಿ ಇದೆ. ಸೆಲ್ಫ್ ಹೊಡೆಯುವಾಗ ಎರಡೂ ಬ್ಯಾಟರಿ ಸೇರಿ 19 ವೋಲ್ಟಿಗಿಂತ ಕೆಳಗಿಳಿದರೆ ಕೇಬಲ್ ಮುಟ್ಟುವ ಮುಂಚೆ ಬ್ಯಾಟರಿಗಳನ್ನು ಪೂರ್ತಿ ಚಾರ್ಜ್ ಮಾಡಿ ಪರೀಕ್ಷಿಸಬೇಕು. ಈ ಅಳತೆಗೆ ಮೀಟರನ್ನು 200 ವೋಲ್ಟಿಗೆ ತಿರುಗಿಸಿಕೊಳ್ಳಿ. ಹಾಗೆಯೇ ಸೆಲ್ಫಿನ ಸೊಲೆನಾಯ್ಡ್ (ಕೀ ತಿರುಗಿಸಿದಾಗ ಸೆಲ್ಫಿಗೆ ಕರೆಂಟ್ ಬಿಡುವ ಸ್ವಿಚ್) ಮೇಲಿರುವ ಎರಡು ದಪ್ಪ ಬೋಲ್ಟ್‌ಗಳ ನಡುವೆ ತಿರುಗುವಾಗ 0.3 ವೋಲ್ಟ್ ಮೀರಿದರೆ ಒಳಗಿನ ಕಾಂಟ್ಯಾಕ್ಟ್ ಸುಟ್ಟಿದೆ ಎಂದರ್ಥ. ಕಾರ್ಬನ್ ಬದಲಿಸುವಾಗ ಅದನ್ನು ನೋಡದೆ ಬಿಟ್ಟಿರುವುದುಂಟು.

ಪ್ರಶ್ನೆ: ಎಷ್ಟು ಸ್ಕ್ವೇರ್ ಎಂ.ಎಂ. ಹಾಕಬೇಕು? ಒಬ್ಬರು 35 ಸಾಕು ಅಂತಾರೆ, ಇನ್ನೊಬ್ಬರು 95 ಹಾಕಿ ಅಂತಾರೆ.
ಚಾಲಕರು, ರಾಣೆಬೆನ್ನೂರು

ಉತ್ತರ: ಸ್ಕ್ವೇರ್ ಎಂ.ಎಂ. ಅಂದರೆ ಕೇಬಲ್ಲನ್ನು ಅಡ್ಡ ಕೊಯ್ದಾಗ ಕಾಣುವ ತಾಮ್ರದ ವಿಸ್ತೀರ್ಣ. ಉದ್ದ ಗೊತ್ತಿಲ್ಲದೆ ಹೇಳಿದರೆ ಎರಡೂ ಬರೀ ಊಹೆ. ಲೆಕ್ಕ ಸುಲಭವಾಗಿದೆ, ನೀವೇ ಹಾಕಬಹುದು. ಒಂದು ಮೀಟರ್ ಉದ್ದ, ಒಂದು ಸ್ಕ್ವೇರ್ ಎಂ.ಎಂ. ತಾಮ್ರದ ತಡೆ ಸುಮಾರು 17.5 ಮಿಲಿ ಓಮ್. ಇದನ್ನು ಕೇಬಲ್ಲಿನ ಸ್ಕ್ವೇರ್‌ನಿಂದ ಭಾಗಿಸಿ, ಮೀಟರಿನ ಉದ್ದದಿಂದ ಗುಣಿಸಿ. ಉದ್ದ ಅಂದರೆ ಪ್ಲಸ್ ಕಡೆಯದೂ ಅರ್ಥ್ ಕಡೆಯದೂ ಸೇರಿದ್ದು.

ಸುಮಾರು ಆರು ಲೀಟರ್ ಡೀಸೆಲ್ ಎಂಜಿನ್, 24 ವೋಲ್ಟ್ ಸೆಲ್ಫ್ ತಿರುಗುತ್ತಿರುವಾಗ 400 ಆಂಪಿಯರ್ ಎಳೆಯುತ್ತದೆ ಅಂತಿಟ್ಟುಕೊಳ್ಳಿ. ಎಂಜಿನ್ ಅಲುಗುವ ಮೊದಲ ಕ್ಷಣದಲ್ಲಿ ಇದಕ್ಕಿಂತ ಎಷ್ಟೋ ಜಾಸ್ತಿ ಎಳೆಯುತ್ತದೆ. ಎರಡೂ ಕಡೆಯ ಕೇಬಲ್ ಸೇರಿ 5 ಮೀಟರ್ ಇದ್ದರೆ, 35 ಸ್ಕ್ವೇರ್‌ನಲ್ಲಿ ತಡೆ 2.5 ಮಿಲಿ ಓಮ್, ಅದನ್ನು 400ರಿಂದ ಗುಣಿಸಿ ಸಾವಿರದಿಂದ ಭಾಗಿಸಿದರೆ ಬೀಳುವ ವೋಲ್ಟೇಜ್ 1.0. ಅದೇ 50 ಹಾಕಿದರೆ 0.7 ವೋಲ್ಟ್, 70 ಹಾಕಿದರೆ 0.5, 95 ಹಾಕಿದರೆ 0.37. ಜಾಯಿಂಟುಗಳು ತಿನ್ನುವುದನ್ನೂ ಸೇರಿಸಿ ಒಟ್ಟು ಒಂದು ವೋಲ್ಟಿನೊಳಗೆ ನಿಲ್ಲಬೇಕು. ಹಾಗಾಗಿ ಈ ಉದ್ದಕ್ಕೆ 35 ಸಾಲದು, 50 ಅಂಚಿನಲ್ಲಿದೆ, 70 ಸರಿಯಾದ ಆಯ್ಕೆ. 95 ಹಾಕಿದರೆ ಸಿಗುವ ಲಾಭ 0.13 ವೋಲ್ಟ್ ಮಾತ್ರ. ಬದಲಿಗೆ ಬಗ್ಗದ ಕೇಬಲ್ ಮತ್ತು ಸೆಲ್ಫಿನ ಬೋಲ್ಟ್ ಮೇಲೆ ಬೀಳುವ ಭಾರವನ್ನು ಕಟ್ಟಿಕೊಳ್ಳಬೇಕು. ಬ್ಯಾಟರಿ ಪೆಟ್ಟಿಗೆ ಬಲು ಹಿಂದಿರುವ ಉದ್ದನೆಯ ಚಾಸಿಗಳಿಗೆ ಮಾತ್ರ 95 ಬೇಕಾಗುತ್ತದೆ.

12 ವೋಲ್ಟ್ ಪಿಕಪ್‌ಗಳಲ್ಲಿ ಕರೆಂಟ್ ಕಡಿಮೆ, ಆದರೆ ಕಳೆದುಕೊಳ್ಳಲು ಇರುವ ವೋಲ್ಟೇಜೂ ಅರ್ಧವೇ. 200 ಆಂಪಿಯರ್, ಒಟ್ಟು ಎರಡೂವರೆ ಮೀಟರ್ ಅಂದರೆ 25 ಸ್ಕ್ವೇರ್‌ನಲ್ಲಿ 0.35 ವೋಲ್ಟ್, 35ರಲ್ಲಿ 0.25. ಇಲ್ಲಿ ಒಟ್ಟು ಅರ್ಧ ವೋಲ್ಟ್ ಮಿತಿ. 35 ಚೆನ್ನಾಗಿ ನಡೆಯುತ್ತದೆ.

ಒಂದು ಮಾತು ನೆನಪಿರಲಿ. ಪ್ಲಸ್ ಕಡೆ 70 ಹಾಕಿ ಅರ್ಥ್ ಕಡೆ ಹಳೆಯ 35 ಬಿಟ್ಟರೆ ಅರ್ಧ ಕೆಲಸವೂ ಆಗಿಲ್ಲ. ಹೋದ ಕರೆಂಟೆಲ್ಲ ಆ ದಾರಿಯಲ್ಲೇ ವಾಪಸ್ ಬರಬೇಕು.

ಪ್ರಶ್ನೆ: ಹಳೆ ಕೇಬಲ್ ತೆಗೆಯದೆ ಅದರ ಜೊತೆಗೇ ಇನ್ನೊಂದು ಎಳೆದರೆ ಆಗದೆ?
ಗ್ಯಾರೇಜ್ ಮಾಲೀಕರು, ಗಂಗಾವತಿ

ಉತ್ತರ: ಲೆಕ್ಕಕ್ಕೆ ಆಗುತ್ತದೆ, 35ರ ಎರಡು ಸೇರಿದರೆ 70. ಆದರೆ ಹಳೆಯದು ಒಳಗೆ ಹಸಿರುಗಟ್ಟಿದ್ದರೆ ಹೊಸದೊಂದೇ ಪೂರ್ತಿ ಭಾರ ಹೊರುತ್ತದೆ. ಒಂದೇ ಬೋಲ್ಟಿಗೆ ಎರಡು ಥಿಂಬಲ್ ಕೂರಿಸಿದರೆ ನಟ್ಟಿಗೆ ಹಿಡಿತ ಕಡಿಮೆಯಾಗುತ್ತದೆ. ಹಳೆಯದನ್ನು ತೆಗೆದುಬಿಡಿ. ತೆಗೆದ ಮೇಲೆ ಥಿಂಬಲ್ ಪಕ್ಕದ ರಬ್ಬರನ್ನು ಎರಡಂಗುಲ ಸೀಳಿ ನೋಡಿ. ಎಳೆಗಳು ಕಪ್ಪಾಗಿ, ಮುಟ್ಟಿದರೆ ಹಸಿರು ಪುಡಿ ಉದುರಿದರೆ ನಿಮ್ಮ ತೊಂದರೆಯ ಮೂಲ ಅದೇ.

ಪ್ರಶ್ನೆ: ಅಂಗಡಿಯಲ್ಲಿ "50 ಸ್ಕ್ವೇರ್, ಅಪ್ಪಟ ತಾಮ್ರ" ಎಂದು ಕೊಟ್ಟ ಕೇಬಲ್ ಕೈಯಲ್ಲಿ ಹಿಡಿದರೆ ಹಗುರ ಅನ್ನಿಸುತ್ತದೆ. ಮೋಸ ಹೋಗಿದ್ದೇನೆಯೇ?
ಪಿಕಪ್ ಮಾಲೀಕರು, ಹಾಸನ

ಉತ್ತರ: ನಿಮ್ಮ ಕೈ ಹೇಳಿದ್ದನ್ನು ತಕ್ಕಡಿಯಲ್ಲಿ ಪರೀಕ್ಷಿಸಿ. ಕೇಬಲ್ಲಿನ ತುದಿಯಿಂದ ಸರಿಯಾಗಿ 10 ಸೆಂಟಿಮೀಟರ್ ಕತ್ತರಿಸಿ, ಮೇಲಿನ ರಬ್ಬರ್ ಪೂರ್ತಿ ಸುಲಿದು ಬರೀ ಎಳೆಗಳನ್ನು ತೂಗಿ. ದಿನಸಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿ ಸಾಕು. 10 ಸೆಂಟಿಮೀಟರ್ ಉದ್ದದ ತಾಮ್ರ ಒಂದು ಸ್ಕ್ವೇರ್ ಎಂ.ಎಂ.ಗೆ 0.89 ಗ್ರಾಂ ತೂಗುತ್ತದೆ. 50 ಸ್ಕ್ವೇರ್ ನಿಜವಾದರೆ 42ರಿಂದ 45 ಗ್ರಾಂ ಬರಬೇಕು. 31 ಗ್ರಾಂ ಬಂದರೆ ಅದು ತಾಮ್ರವೇ, ಆದರೆ 35 ಸ್ಕ್ವೇರ್. ರಬ್ಬರ್ ದಪ್ಪ ಮಾಡಿ 50 ಅಂತ ಅಚ್ಚು ಹಾಕಿದ್ದಾರೆ. 18 ಗ್ರಾಂ ಆಸುಪಾಸು ಬಂದರೆ ಅದು ಅಲ್ಯುಮಿನಿಯಂ ಎಳೆಗೆ ತಾಮ್ರದ ತೆಳು ಪದರ ಹೊದಿಸಿದ್ದು. ವ್ಯಾಪಾರದವರು ಇದನ್ನು ಸಿಸಿಎ ಅಂತಾರೆ.

ತಕ್ಕಡಿ ಇಲ್ಲದಿದ್ದರೆ ಒಂದೇ ಒಂದು ಎಳೆಯನ್ನು ಉಗುರಿನ ಮೇಲಿಟ್ಟು ಬ್ಲೇಡಿನಿಂದ ಮೆಲ್ಲಗೆ ಕೆರೆಯಿರಿ. ತಾಮ್ರವಾದರೆ ಎಷ್ಟು ಕೆರೆದರೂ ಕೆಂಪೇ. ಸಿಸಿಎ ಆದರೆ ಎರಡನೇ ಸಲಕ್ಕೆ ಕೆಂಪು ಹೋಗಿ ಬೆಳ್ಳಗೆ ಕಾಣುತ್ತದೆ. ಇದರ ತದ್ವಿರುದ್ಧದ್ದೂ ಒಂದಿದೆ: ಮೇಲೆ ಬೆಳ್ಳಗಿದ್ದು ಕೆರೆದರೆ ಒಳಗೆ ಕೆಂಪು. ಅದು ತವರ ಬಳಿದ ತಾಮ್ರ. ಹೆದರಬೇಡಿ, ಅದು ಒಳ್ಳೆಯ ಮಾಲು, ತುಕ್ಕು ತಡೆಯುತ್ತದೆ, ಕರಾವಳಿಯಲ್ಲಿ ಓಡುವ ಗಾಡಿಗೆ ಅದನ್ನೇ ಹುಡುಕಿ ಹಾಕಿಸಬೇಕು.

ಸಿಸಿಎ ಯಾಕೆ ಬೇಡ ಅಂದರೆ, ಅದರ 50 ಸ್ಕ್ವೇರ್ ತಾಮ್ರದ 32ಕ್ಕೆ ಸಮ. ಅದಕ್ಕಿಂತ ಕೆಟ್ಟದ್ದು ಜಾಯಿಂಟಿನಲ್ಲಿ ಆಗುತ್ತದೆ. ಒತ್ತಿದ ಅಲ್ಯುಮಿನಿಯಂ ಬಿಸಿಯಾಗಿ ತಣ್ಣಗಾಗುತ್ತ ನಿಧಾನಕ್ಕೆ ಸಡಿಲಾಗುತ್ತದೆ. ಕತ್ತರಿಸಿದ ತುದಿಗೆ ತೇವ ಸೇರಿದರೆ ತಾಮ್ರದ ಪಕ್ಕದಲ್ಲೇ ಅದು ತಿಂದುಹೋಗುತ್ತದೆ. ಆರು ತಿಂಗಳು ಚೆನ್ನಾಗಿದ್ದ ಕೇಬಲ್ ಮಳೆಗಾಲ ಕಳೆಯುವಷ್ಟರಲ್ಲಿ ಕೈಕೊಡುವುದು ಹೀಗೆ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಾಗಲಿ ನಿಮ್ಮೂರಿನ ಎಲೆಕ್ಟ್ರಿಕಲ್ ಅಂಗಡಿಯಲ್ಲಾಗಲಿ, ಕೊಳ್ಳುವ ಮುಂಚೆ ತುದಿ ಕೆರೆದು ತೋರಿಸಿ ಅಂತ ಕೇಳಿ. ಬಿಲ್ಲಿನಲ್ಲಿ ಅಳತೆಯ ಜೊತೆ "ತಾಮ್ರ" ಎಂದು ಬರೆಸಿಕೊಳ್ಳಿ.

ಪ್ರಶ್ನೆ: ವೆಲ್ಡಿಂಗ್ ಕೇಬಲ್ ಹಾಕಬಹುದೆ? ಮನೆ ವೈರಿಂಗಿಗೆ ತಂದ ದಪ್ಪ ತಂತಿ ಉಳಿದಿದೆ, ಅದು?
ಟ್ರ್ಯಾಕ್ಟರ್ ಮತ್ತು ಲಾರಿ ಮಾಲೀಕರು, ಸಿಂಧನೂರು

ಉತ್ತರ: ವೆಲ್ಡಿಂಗ್ ಕೇಬಲ್ ಬಹಳ ಒಳ್ಳೆಯ ಆಯ್ಕೆ, ತಾಮ್ರದ್ದಾಗಿದ್ದರೆ. ಅಲ್ಯುಮಿನಿಯಂ ವೆಲ್ಡಿಂಗ್ ಕೇಬಲ್ಲೂ ಅದೇ ಅಂಗಡಿಯಲ್ಲಿ ಮಾರುತ್ತಾರೆ, ನೋಡಿ ತನ್ನಿ. ಅದರ ಎಳೆಗಳು ಕೂದಲಿನಂತೆ ಸಣ್ಣವು. 0.2 ಎಂ.ಎಂ. ಎಳೆಯಾದರೆ 50 ಸ್ಕ್ವೇರ್‌ಗೆ ಸುಮಾರು 1,600 ಎಳೆ ಇರುತ್ತವೆ, ಹಗ್ಗದಂತೆ ಬಾಗುತ್ತದೆ. ಎಂಜಿನ್ ಅದುರಿದರೂ ಮುರಿಯುವುದಿಲ್ಲ. ಮೈಮೇಲೆ ಐಎಸ್ 9857 ಮತ್ತು ಎಚ್‌ಓಎಫ್‌ಆರ್ ಎಂದು ಅಚ್ಚಾಗಿರುವುದನ್ನು ಕೇಳಿ. ಶಾಖ, ಎಣ್ಣೆ ತಡೆಯುವ, ಬೆಂಕಿ ಹರಡದ ಹೊದಿಕೆ ಎಂಬುದು ಆ ಅಕ್ಷರಗಳ ಅರ್ಥ. ಡೀಸೆಲ್ ತಾಗುವ ಜಾಗಕ್ಕೆ ಅದು ಬೇಕೇ ಬೇಕು.

ಮನೆಯ ತಂತಿ ಬೇಡ. ದಪ್ಪ ಎಳೆಯದಾದರೆ ಅದುರಿಕೆಗೆ ಥಿಂಬಲ್ ಬುಡದಲ್ಲಿ ಮುರಿಯುತ್ತದೆ. ಸಣ್ಣೆಳೆಯದೇ ಆದರೂ ಮೇಲಿನ ಪಿವಿಸಿ ಎಂಜಿನ್ ಶಾಖಕ್ಕೆ ಮೆತ್ತಗಾಗಿ, ಆಮೇಲೆ ಗಡುಸಾಗಿ ಬಿರುಕು ಬಿಡುತ್ತದೆ.

ಪ್ರಶ್ನೆ: ಕೇಬಲ್ ನಾವೇ ಮಾಡಿಕೊಳ್ಳಬೇಕೆಂದಿದ್ದೇವೆ. ಥಿಂಬಲ್‌ಗೆ ಸೀಸ ಹಾಕಿ ಬೆಸುಗೆ ಮಾಡುವುದೋ, ಸುತ್ತಿಗೆಯಲ್ಲಿ ಹೊಡೆದು ಕೂರಿಸುವುದೋ?
ಆಟೊ ಎಲೆಕ್ಟ್ರಿಷಿಯನ್, ತಿಪಟೂರು

ಉತ್ತರ: ಎರಡೂ ಅಲ್ಲ. ಹೈಡ್ರಾಲಿಕ್ ಕ್ರಿಂಪಿಂಗ್ ಟೂಲಿನಲ್ಲಿ ಆರು ಮೂಲೆಯ ಡೈ (ಒತ್ತುವ ಅಚ್ಚು) ಹಾಕಿ ಒತ್ತಬೇಕು. ಸ್ವಂತಕ್ಕೆ ಇಲ್ಲದಿದ್ದರೆ ಪ್ಯಾನಲ್ ಬೋರ್ಡ್ ಕೆಲಸದವರಲ್ಲಿ, ಪಂಪ್‌ಸೆಟ್ ಕೇಬಲ್ ಮಾರುವ ದೊಡ್ಡ ಅಂಗಡಿಗಳಲ್ಲಿ ಇರುತ್ತದೆ. ಉದ್ದ ಅಳತೆ ಮಾಡಿಕೊಂಡು ಹೋಗಿ ಒತ್ತಿಸಿಕೊಂಡು ಬನ್ನಿ.

ಸುತ್ತಿಗೆಯಲ್ಲಿ ಹೊಡೆದರೆ ಥಿಂಬಲ್ ಚಪ್ಪಟೆಯಾಗುತ್ತದೆ, ಆದರೆ ಎಳೆಗಳ ನಡುವೆ ಗಾಳಿ ಹಾಗೇ ಉಳಿಯುತ್ತದೆ. ಆ ಸಂದಿಯಲ್ಲಿ ನೀರು ಕೂತು ಹಸಿರುಗಟ್ಟುತ್ತದೆ. ಬೆಸುಗೆಯಲ್ಲಿ ಬೇರೆ ತೊಂದರೆ ಇದೆ. ಕರಗಿದ ಸೀಸ ಎಳೆಗಳೊಳಗೆ ಏರಿಕೊಂಡು ಒಂದೆರಡು ಇಂಚು ಕೇಬಲ್ಲನ್ನು ಕಡ್ಡಿಯಂತೆ ಗಟ್ಟಿ ಮಾಡುತ್ತದೆ. ಆ ಕಡ್ಡಿ ಮುಗಿಯುವ ಜಾಗದಲ್ಲೇ ಅದುರಿ ಅದುರಿ ಎಳೆಗಳು ಒಂದೊಂದಾಗಿ ತುಂಡಾಗುತ್ತವೆ. ಸೆಲ್ಫ್ ಸಿಕ್ಕಿಹಾಕಿಕೊಂಡು ಜಾಯಿಂಟ್ ಕಾದರೆ 190 ಡಿಗ್ರಿ ಹತ್ತಿರ ಬೆಸುಗೆಯೇ ಕರಗಿ ಹರಿದುಹೋಗುತ್ತದೆ. ಸರಿಯಾಗಿ ಒತ್ತಿದ ಜಾಯಿಂಟನ್ನು ಗರಗಸದಲ್ಲಿ ಅಡ್ಡ ಕೊಯ್ದು ನೋಡಿದರೆ ಎಳೆಗಳು ಬೇರೆ ಬೇರೆ ಕಾಣುವುದೇ ಇಲ್ಲ. ಜೇನುಗೂಡಿನಂತೆ ಒತ್ತಿಕೊಂಡು ಒಂದೇ ತಾಮ್ರದ ಗಟ್ಟಿಯಾಗಿರುತ್ತವೆ. ಹೊಸ ಟೂಲ್ ತಂದಾಗ ಒಂದು ಥಿಂಬಲ್ ಹಾಳಾದರೂ ಸರಿ, ಹೀಗೆ ಕೊಯ್ದು ನೋಡಿ. ನಿಮ್ಮ ಕೆಲಸದ ಮೇಲೆ ನಿಮಗೇ ನಂಬಿಕೆ ಬರುತ್ತದೆ.

ಕೆಲಸದ ಕ್ರಮ ಹೀಗಿರಲಿ. ಕೇಬಲ್ ಹೋಗುವ ದಾರಿಯಲ್ಲೇ ಒಂದು ಹಗ್ಗ ಎಳೆದು ಅಳೆಯಿರಿ, ಎಂಜಿನ್ ಅಲುಗಾಟಕ್ಕೆ ಒಂದು ಗೇಣಿನಷ್ಟು ಸಡಿಲ ಬಿಡಿ. ಥಿಂಬಲ್ ಕೊಳ್ಳುವಾಗ ಅದರ ಮೇಲಿನ ಎರಡು ಅಂಕಿ ಓದಿ: 70-10 ಅಂದರೆ 70 ಸ್ಕ್ವೇರ್ ಕೇಬಲ್ಲಿಗೆ, 10 ಎಂ.ಎಂ. ಬೋಲ್ಟಿಗೆ. ಲಾರಿ ಸೆಲ್ಫಿನ ಬೋಲ್ಟ್ 10 ಅಥವಾ 12 ಇರುತ್ತದೆ, ಪಿಕಪ್‌ಗಳಲ್ಲಿ ಸಾಮಾನ್ಯವಾಗಿ 8. ಕ್ಯಾಲಿಪರ್ ಹಿಡಿದು ನೋಡಿಯೇ ತನ್ನಿ. ತೂತು ದೊಡ್ಡದಾದರೆ ಥಿಂಬಲ್ ಕೂರುವ ಜಾಗ ಕಡಿಮೆಯಾಗಿ ಅಲ್ಲೇ ಕಾಯುತ್ತದೆ. ಥಿಂಬಲ್ ದಪ್ಪ ಗೋಡೆಯ ತಾಮ್ರದ ಕೊಳವೆಯದಾಗಿರಬೇಕು. ತಗಡು ಮಡಿಸಿ ಮಾಡಿದ್ದು ಬೇಡ.

ಕೊಳವೆಯ ಆಳಕ್ಕಿಂತ ಎರಡು ಮೂರು ಎಂ.ಎಂ. ಹೆಚ್ಚಿಗೆ ರಬ್ಬರ್ ಸುಲಿಯಿರಿ. ಬ್ಲೇಡನ್ನು ಸುತ್ತ ಆಡಿಸುವಾಗ ತಾಮ್ರಕ್ಕೆ ತಾಗಿಸಬೇಡಿ, ರಬ್ಬರ್ ಪೂರ್ತಿ ಕತ್ತರಿಸದೆ ಕೊನೆಯ ಪದರವನ್ನು ಬಾಗಿಸಿ ಹರಿಯಿರಿ. ಒಳಗೆ ಅಂಟು ಇರುವ, ಕಾಯಿಸಿದರೆ ಕುಗ್ಗಿ ಬಿಗಿಯಾಗುವ ಹೀಟ್ ಶ್ರಿಂಕ್ ಕೊಳವೆಯ 5 ಸೆಂಟಿಮೀಟರ್ ತುಂಡನ್ನು ಈಗಲೇ ಕೇಬಲ್ಲಿಗೆ ಏರಿಸಿಡಿ. ಎರಡೂ ಕಡೆ ಥಿಂಬಲ್ ಒತ್ತಿದ ಮೇಲೆ ನೆನಪಾದರೆ ಏನೂ ಮಾಡಲಾಗುವುದಿಲ್ಲ. ಸಣ್ಣೆಳೆಯ ಕೇಬಲ್ ಅದೇ ಅಳತೆಯ ಥಿಂಬಲ್‌ಗೆ ಬಿಗಿಯಾಗಬಹುದು. ಎಳೆಗಳನ್ನು ಹುರಿಯಂತೆ ತಿರುಚಿ ತಳ್ಳಿ. ಹೋಗದಿದ್ದರೆ ಬಾಯಿ ಅಗಲವಿರುವ ಥಿಂಬಲ್ ತನ್ನಿ, ಎಳೆ ಕತ್ತರಿಸಿ ಸಣ್ಣ ಮಾಡುವ ಬುದ್ಧಿ ಬೇಡ. ಥಿಂಬಲ್ಲಿನ ಕಿಂಡಿಯಲ್ಲಿ ತಾಮ್ರ ತುದಿಯವರೆಗೆ ಬಂದಿದೆಯೇ ನೋಡಿ.

ಒತ್ತುವ ಮುಂಚೆ ಎರಡೂ ತುದಿಯ ಥಿಂಬಲ್ ಯಾವ ಕಡೆ ಮುಖ ಮಾಡಬೇಕು ಅಂತ ಗಾಡಿಯ ಮೇಲೆ ಇಟ್ಟು ನೋಡಿ, ಸೀಮೆಸುಣ್ಣದಲ್ಲಿ ಗೆರೆ ಹಾಕಿಕೊಳ್ಳಿ. 70 ಸ್ಕ್ವೇರ್ ಕೇಬಲ್ಲನ್ನು ಆಮೇಲೆ ತಿರುಚಲಾಗುವುದಿಲ್ಲ. ಬಲವಂತವಾಗಿ ತಿರುಚಿ ಕೂರಿಸಿದರೆ ಆ ಸೆಟೆತವೇ ನಟ್ಟನ್ನು ಸಡಿಲಿಸುತ್ತದೆ. ಮೊದಲ ಒತ್ತು ತೂತಿನ ಕಡೆ, ಎರಡನೆಯದು ಕೇಬಲ್ ಕಡೆ. ಒತ್ತಿದ ಮೇಲೆ ಪಕ್ಕದಲ್ಲಿ ರೆಕ್ಕೆಯಂತೆ ತಾಮ್ರ ಎದ್ದರೆ ಡೈ ಚಿಕ್ಕದಾಗಿದೆ. ಥಿಂಬಲ್ಲನ್ನು ವೈಸಿಗೆ ಕಚ್ಚಿಸಿ ಕೇಬಲ್ ಹಿಡಿದು ಮೈಭಾರ ಬಿಟ್ಟು ಎಳೆದರೂ ಒಂದು ಎಳೆಯೂ ಜರುಗಬಾರದು. ಕೊನೆಗೆ ಹೀಟ್ ಶ್ರಿಂಕ್ ಜರುಗಿಸಿ, ಎರಡು ತುದಿಯಲ್ಲೂ ಅಂಟು ಜಿನುಗಿ ಹೊರಬರುವವರೆಗೆ ಕಾಯಿಸಿ. ಅಂಟು ಹೊರಬಂದರೆ ಮಾತ್ರ ನೀರು ಒಳಹೋಗದು.

ಪ್ರಶ್ನೆ: ಪಿಕಪ್ ಸ್ಟಾರ್ಟ್ ಮಾಡುವಾಗ ಗೇರ್ ಕೇಬಲ್ ಮುಟ್ಟಲಾಗದಷ್ಟು ಬಿಸಿಯಾಗುತ್ತದೆ. ಒಮ್ಮೆ ಸಣ್ಣಗೆ ಹೊಗೆಯೂ ಬಂತು. ಬ್ಯಾಟರಿ ಕೇಬಲ್ಲಿಗೂ ಇದಕ್ಕೂ ಸಂಬಂಧ ಇದೆಯೇ?
ತರಕಾರಿ ಸಾಗಣೆದಾರರು, ಕೋಲಾರ

ಉತ್ತರ: ನೇರ ಸಂಬಂಧ ಇದೆ. ಇವತ್ತೇ ನೋಡಿಸಿ. ಎಂಜಿನ್ ರಬ್ಬರ್ ಮೌಂಟಿಂಗ್ ಮೇಲೆ ಕೂತಿರುತ್ತದೆ, ರಬ್ಬರ್ ಕರೆಂಟ್ ಬಿಡುವುದಿಲ್ಲ. ಎಂಜಿನ್ನಿನಿಂದ ಚಾಸಿಗೆ ಹಾಕಿರುವ ಅರ್ಥ್ ಪಟ್ಟಿ ಮುರಿದರೆ ಅಥವಾ ತುಕ್ಕು ಹಿಡಿದರೆ ಸೆಲ್ಫಿನ ಕರೆಂಟ್ ಸಿಕ್ಕ ದಾರಿ ಹಿಡಿಯುತ್ತದೆ: ಗೇರ್ ಕೇಬಲ್ಲಿನ ಉಕ್ಕಿನ ತಂತಿ, ಆಕ್ಸಿಲರೇಟರ್ ಕೇಬಲ್, ಬೇರಿಂಗ್. ತಂತಿ ಕೆಂಪಗೆ ಕಾದು ಪ್ಲಾಸ್ಟಿಕ್ ಕರಗುವುದು ಇದರಿಂದಲೇ. ಪಕ್ಕದಲ್ಲಿ ಡೀಸೆಲ್ ಪೈಪ್ ಇರುತ್ತದೆ.

ಮೈನಸ್ ಕೇಬಲ್ಲಿನಷ್ಟೇ ದಪ್ಪದ ಹೊಸ ಅರ್ಥನ್ನು ಸೆಲ್ಫ್ ಕೂತಿರುವ ಬೋಲ್ಟಿನಿಂದ ಚಾಸಿಗೆ ಎಳೆಯಿರಿ. ಚಾಸಿಯಲ್ಲಿ ಥಿಂಬಲ್ ಕೂರುವಷ್ಟು ಜಾಗದ ಬಣ್ಣವನ್ನು ಎಮರಿ ಪೇಪರಿನಿಂದ ಬಿಳಿ ಕಬ್ಬಿಣ ಕಾಣುವವರೆಗೆ ಉಜ್ಜಿ. ಥಿಂಬಲ್ ನೇರವಾಗಿ ಕಬ್ಬಿಣಕ್ಕೆ ತಾಗಬೇಕು, ವಾಷರ್ ಅದರ ಮೇಲೆ ಬರಬೇಕು, ನಡುವೆ ಅಲ್ಲ. ಬಿಗಿ ಮಾಡಿದ ಮೇಲೆ ಸುತ್ತ ಗ್ರೀಸ್ ಅಥವಾ ಬಣ್ಣ ಬಳಿಯಿರಿ. ಹೊಸ ಗಾಡಿಗಳಲ್ಲಿ ಮೈನಸ್ ಕ್ಲಾಂಪಿನ ಮೇಲೇ ಚಿಕ್ಕ ಬ್ಯಾಟರಿ ಸೆನ್ಸರ್ ಕೂತಿರುತ್ತದೆ. ಅಂಥದ್ದರಲ್ಲಿ ಹೊಸ ಅರ್ಥನ್ನು ಬ್ಯಾಟರಿ ಪೋಸ್ಟಿಗೆ ಕಟ್ಟಬೇಡಿ, ಸೆನ್ಸರ್ ದಾಟಿದ ಮೇಲೆ ಚಾಸಿಗೇ ಕಟ್ಟಿ.

ಪ್ರಶ್ನೆ: 24 ವೋಲ್ಟ್ ಲಾರಿಯಲ್ಲಿ ಒಂದೇ ಬ್ಯಾಟರಿಯಿಂದ 12 ವೋಲ್ಟ್ ತೆಗೆದು ಟೇಪ್ ರೆಕಾರ್ಡರ್, ಫ್ಯಾನ್ ಹಾಕಿಸಿದ್ದೇವೆ. ಯಾವಾಗಲೂ ಒಂದೇ ಕಡೆಯ ಬ್ಯಾಟರಿ ಹೋಗುತ್ತದೆ.
ಚಾಲಕರು, ವಿಜಯಪುರ

ಉತ್ತರ: ಹೋಗುವುದು ಆ ತಂತಿಯಿಂದಲೇ. ಎಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಕೊಡುವ 28 ವೋಲ್ಟ್ ಎರಡಕ್ಕೂ ಸಮನಾಗಿ ಹಂಚಿಕೆಯಾಗಬೇಕು. ಒಂದರಿಂದ ಮಾತ್ರ ಕರೆಂಟ್ ಎಳೆಯುತ್ತಿದ್ದರೆ ಅದು ಯಾವತ್ತೂ ಪೂರ್ತಿ ತುಂಬುವುದಿಲ್ಲ, ಇನ್ನೊಂದು ಮಿತಿ ಮೀರಿ ಚಾರ್ಜಾಗಿ ನೀರು ಕುದಿಸಿಕೊಳ್ಳುತ್ತದೆ. 24ರಿಂದ 12 ವೋಲ್ಟಿಗೆ ಇಳಿಸುವ ಕನ್ವರ್ಟರ್ ಹಾಕಿಸಿ, ಅದರ ಪ್ಲಸ್ ತಂತಿಗೆ ಬ್ಯಾಟರಿಯಿಂದ ಒಂದು ಗೇಣಿನೊಳಗೆ ಫ್ಯೂಸ್ ಇರಲಿ. ಎರಡೂ ಬ್ಯಾಟರಿಗಳನ್ನು ಬಿಚ್ಚಿ ಬೇರೆ ಬೇರೆಯಾಗಿ 12 ವೋಲ್ಟ್ ಚಾರ್ಜರಿನಲ್ಲಿ ತುಂಬಿಸಿ. ರಾತ್ರಿ ಬಿಟ್ಟು ಬೆಳಿಗ್ಗೆ ಅಳೆದಾಗ ಎರಡರ ನಡುವೆ 0.2 ವೋಲ್ಟಿಗಿಂತ ಹೆಚ್ಚು ವ್ಯತ್ಯಾಸ ಇದ್ದರೆ ಜೋಡಿ ಕೆಟ್ಟಿದೆ. ಬದಲಿಸುವುದಾದರೆ ಎರಡನ್ನೂ ಒಟ್ಟಿಗೆ ಬದಲಿಸಿ.

ಪ್ರಶ್ನೆ: ಮೀನು ಲಾರಿ ನಮ್ಮದು. ತಿಂಗಳಿಗೊಮ್ಮೆ ಟರ್ಮಿನಲ್ ಮೇಲೆ ಬಿಳಿ, ಹಸಿರು ಪುಡಿ ಕಟ್ಟುತ್ತದೆ.
ಲಾರಿ ಮಾಲೀಕರು, ಕಾರವಾರ

ಉತ್ತರ: ಒಂದು ಲೋಟ ಬಿಸಿನೀರಿಗೆ ಒಂದು ದೊಡ್ಡ ಚಮಚ ಅಡುಗೆ ಸೋಡಾ ಕಲಸಿ ಹಳೆ ಬ್ರಷ್ಷಿನಲ್ಲಿ ತೊಳೆಯಿರಿ. ಮುಚ್ಚಳದ ಒಳಗೆ ಹನಿಯೂ ಹೋಗಬಾರದು. ಒಣಗಿಸಿ, ಪೋಸ್ಟ್ ಮತ್ತು ಕ್ಲಾಂಪಿನ ಒಳಮೈ ಉಜ್ಜಿ, ಬಿಗಿ ಮಾಡಿದ ನಂತರ ಮೇಲಿನಿಂದ ವ್ಯಾಸಲೀನ್ ಹಚ್ಚಿ. ಪ್ಲಸ್ ಪೋಸ್ಟ್ ದಪ್ಪ, ಬುಡದಲ್ಲಿ 19.5 ಎಂ.ಎಂ.; ಮೈನಸ್ 17.9. ಪ್ಲಸ್ ಕ್ಲಾಂಪನ್ನು ಮೈನಸ್ಸಿಗೆ ಹಾಕಿ ಸಂದಿಗೆ ತಗಡು ತುರುಕಿದ್ದರೆ ಅದನ್ನು ಕಿತ್ತುಹಾಕಿ ಸರಿಯಾದ ಅಳತೆಯ ಕ್ಲಾಂಪ್ ತನ್ನಿ. ಒಂದೇ ಪೋಸ್ಟಿನಲ್ಲಿ ಮತ್ತೆ ಮತ್ತೆ ಪುಡಿ ಬರುತ್ತಿದ್ದರೆ ಆ ಪೋಸ್ಟಿನ ಬುಡದಿಂದ ಆಸಿಡ್ ಜಿನುಗುತ್ತಿದೆ, ತೊಳೆದು ಪ್ರಯೋಜನವಿಲ್ಲ.

ಪ್ರಶ್ನೆ: ಬಿಎಸ್-6 ಲಾರಿಯಲ್ಲಿ ಕೇಬಲ್ ಬಿಚ್ಚಲು ಹೆದರಿಕೆ. ಏನು ಎಚ್ಚರ ಬೇಕು? ಹೊಸ ಕೇಬಲ್ಲನ್ನು ಯಾವ ದಾರಿಯಲ್ಲಿ ಎಳೆಯಬೇಕು?
ಫ್ಲೀಟ್ ಮೇಲ್ವಿಚಾರಕರು, ಹುಬ್ಬಳ್ಳಿ

ಉತ್ತರ: ಕೀ ತೆಗೆದ ಕೂಡಲೇ ಕಟಾಫ್ ಸ್ವಿಚ್ ತಿರುಗಿಸಬೇಡಿ. ಹೊಗೆ ಶುದ್ಧ ಮಾಡಲು ಬಳಸುವ ಯೂರಿಯಾ ದ್ರಾವಣದ ಪಂಪು ಪೈಪಿನಲ್ಲಿ ಉಳಿದಿದ್ದನ್ನು ವಾಪಸ್ ಎಳೆದುಕೊಳ್ಳಲು ಒಂದೆರಡು ನಿಮಿಷ ಬೇಕು. ಅರ್ಧಕ್ಕೆ ನಿಂತರೆ ದ್ರಾವಣ ಒಳಗೇ ಹರಳುಗಟ್ಟುತ್ತದೆ. ಐದು ನಿಮಿಷ ಬಿಟ್ಟು ಬಿಚ್ಚಿ. ಎಂಜಿನ್ ಓಡುತ್ತಿರುವಾಗ ಬ್ಯಾಟರಿ ಕೇಬಲ್ ತೆಗೆದರೆ ಆಲ್ಟರ್ನೇಟರಿನ ವೋಲ್ಟೇಜ್ ಒಮ್ಮೆಲೇ ಏರಿ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಸುಡಬಹುದು. ಆಲ್ಟರ್ನೇಟರ್ ಚಾರ್ಜ್ ಮಾಡುತ್ತಿದೆಯೇ ಅಂತ ಹೀಗೆ ಕೇಬಲ್ ತೆಗೆದು ನೋಡುವ ಹಳೆಯ ಪರೀಕ್ಷೆಯನ್ನು ಈಗಿನ ಗಾಡಿಯ ಮೇಲೆ ಯಾರೂ ಮಾಡಬಾರದು.

ಬಿಚ್ಚುವಾಗ ಚಾಸಿಗೆ ಹೋಗುವ ಮೈನಸ್ ಮೊದಲು, ಕೂರಿಸುವಾಗ ಅದೇ ಕೊನೆಗೆ. ಪ್ಲಸ್ ಮೊದಲು ಬಿಚ್ಚಲು ಹೋಗಿ ಸ್ಪ್ಯಾನರ್ ಚಾಸಿಗೆ ತಾಗಿದರೆ ಸ್ಪ್ಯಾನರೇ ಅಲ್ಲಿ ಬೆಸೆದುಕೊಳ್ಳುತ್ತದೆ. ಉಂಗುರ, ವಾಚು, ಕಡಗ ತೆಗೆದಿಟ್ಟು ಕೆಲಸಕ್ಕೆ ಕೂರಿ. ಪ್ಲಸ್ ಕ್ಲಾಂಪಿನ ಮೇಲಿರುವ ಸಣ್ಣ ತಂತಿಗಳು ಫ್ಯೂಸ್ ಬಾಕ್ಸಿಗೆ, ಇಸಿಯುಗೆ ಹೋಗುತ್ತವೆ. ಬಿಚ್ಚುವ ಮುಂಚೆ ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡು ಅದೇ ಜಾಗಕ್ಕೆ ಕೂರಿಸಿ. ಸೆಲ್ಫಿನ ನಟ್ಟು ಬಿಗಿ ಮಾಡುವಾಗ ಕೆಳಗಿನ ನಟ್ಟನ್ನು ಇನ್ನೊಂದು ಸ್ಪ್ಯಾನರಿನಲ್ಲಿ ಹಿಡಿದುಕೊಳ್ಳಿ. ಆ ಬೋಲ್ಟ್ ತಾಮ್ರದ್ದು, ತಿರುಗಿದರೆ ಸೊಲೆನಾಯ್ಡಿನ ಒಳಗೆ ಮುರಿಯುತ್ತದೆ.

ಇನ್ನು ದಾರಿ. ಸೆಲ್ಫಿಗೆ ಹೋಗುವ ಕೇಬಲ್ಲಿಗೆ ಸಾಮಾನ್ಯವಾಗಿ ಫ್ಯೂಸ್ ಇರುವುದಿಲ್ಲ. ಅದು ಚಾಸಿಗೆ ಉಜ್ಜಿ ಬರಿಮೈಯಾದರೆ ತಡೆಯುವವರು ಯಾರೂ ಇಲ್ಲ, ಬ್ಯಾಟರಿಯ ಪೂರ್ತಿ ಶಕ್ತಿ ಅಲ್ಲಿ ಕಿಡಿಯಾಗುತ್ತದೆ. ಪೂರ್ತಿ ಉದ್ದಕ್ಕೂ ಸುಕ್ಕುಗಟ್ಟಿದ ನೈಲಾನ್ ಕೊಳವೆ ತೊಡಿಸಿ. ಅಡಿಗೊಂದು ರಬ್ಬರ್ ಹಚ್ಚಿದ ಕ್ಲಿಪ್ ಹಾಕಿ ಚಾಸಿಗೆ ಬೋಲ್ಟ್ ಮಾಡಿ. ಚಾಸಿಯ ಅಡ್ಡಪಟ್ಟಿಯ (ಕ್ರಾಸ್ ಮೆಂಬರ್) ತೂತು ದಾಟುವ ಕಡೆ ತೂತಿನ ಅಂಚಿಗೆ ರಬ್ಬರ್ ಬಳೆ (ಗ್ರೊಮೆಟ್) ಇಲ್ಲದೆ ಬಿಡಬೇಡಿ. ಸೈಲೆನ್ಸರ್ ಪೈಪಿನಿಂದ ಒಂದು ಗೇಣು ದೂರ ಇರಲಿ. ಬ್ರೇಕಿನ ನೈಲಾನ್ ಏರ್ ಪೈಪಿಗಾಗಲಿ ಡೀಸೆಲ್ ಪೈಪಿಗಾಗಲಿ ಟ್ಯಾಗ್ ಹಾಕಿ ಕಟ್ಟುವುದು ಎಷ್ಟೋ ಕಡೆ ಕಾಣುತ್ತದೆ, ನಿಮ್ಮ ಗಾಡಿಗಳಲ್ಲಿ ಇದ್ದರೆ ಇವತ್ತೇ ಕತ್ತರಿಸಿ ಬೇರೆ ಮಾಡಿಸಿ. ಚಾಸಿಯ ಕೊನೆಯ ಕ್ಲಿಪ್ಪಿಗೂ ಎಂಜಿನ್ನಿಗೂ ನಡುವೆ ಕೇಬಲ್ ತೊಟ್ಟಿಲಿನಂತೆ ಇಳಿಬಿದ್ದಿರಲಿ. ಕೂರಿಸಿ ಸಾವಿರ ಕಿಲೋಮೀಟರ್ ಓಡಿಸಿದ ಮೇಲೆ ಎಲ್ಲ ನಟ್ಟು ಒಮ್ಮೆ ಬಿಗಿ ಮಾಡಿ, ಮೊದಲ ಉತ್ತರದಲ್ಲಿ ಹೇಳಿದ ಮೂರು ಅಳತೆ ತೆಗೆದು ಬ್ಯಾಟರಿ ಪೆಟ್ಟಿಗೆಯ ಮುಚ್ಚಳದ ಒಳಗೆ ತಾರೀಖಿನ ಜೊತೆ ಬರೆದಿಡಿ.